ಬೆಂಚ್ ಮೇಲೆ ಕೂರಿಸಿದರೂ ಸಂಬಳ ಕೊಡಲೇಬೇಕು

ಎಚ್–1ಬಿ ವೀಸಾದಲ್ಲಿ (ನುರಿತ ಕೆಲಸಗಾರರನ್ನು ಕಂಪನಿ ಕರೆಸಿಕೊಳ್ಳುವ ವೀಸಾ) ಅಮೆರಿಕಕ್ಕೆ ಹೋದವರು, ಹೊರಟು ನಿಂತವರು, ಊರಲ್ಲಿ ಕೂತು ಚಿಂತೆ ಮಾಡುವ ಅಪ್ಪ–ಅಮ್ಮಂದಿರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳ ಬುಡದಲ್ಲಿ ಇರುವುದು ಒಂದೇ ಅಂಜಿಕೆ: ‘ನನ್ನ ವೀಸಾ ಕಂಪನಿಯವರ ಕೈಲಿದೆ.’ ಅದು ಅರ್ಧ ಮಾತ್ರ ನಿಜ. ಅರ್ಜಿ ಕಂಪನಿಯದು, ಅದನ್ನು ವಾಪಸ್ ಪಡೆಯುವ ಹಕ್ಕು ಅವರಿಗಿದೆ. ಆದರೆ ವರ್ಷದ ಸೀಟುಗಳಿಗೆ ಹೆಸರು ಆರಿಸುವ ಲಾಟರಿಯಲ್ಲಿ ಸಿಕ್ಕ ಸ್ಥಾನ ನಿಮ್ಮ ಹೆಸರಿನದು. ಈ ವೀಸಾದ ಆರು ವರ್ಷದ ಮಿತಿಯಲ್ಲಿ ಉಳಿದ ಅವಧಿಯೂ ನಿಮ್ಮದೇ. ಇನ್ನೊಂದು ಕಂಪನಿ ಅರ್ಜಿ ಹಾಕಿದರೆ ಮತ್ತೆ ಲಾಟರಿಗೆ ನಿಲ್ಲಬೇಕಾಗಿಲ್ಲ. ಪತ್ರಗಳಲ್ಲಿದ್ದ ಕಂಪನಿಗಳ ಹೆಸರು, ಬರೆದವರ ಹೆಸರು ಎರಡನ್ನೂ ತೆಗೆದಿದ್ದೇವೆ.

ಪ್ರಶ್ನೆ: ಅಕ್ಟೋಬರ್ 1ಕ್ಕೆ ನನ್ನ ಒಪಿಟಿ (ಅಮೆರಿಕದಲ್ಲಿ ಓದಿದವರಿಗೆ ಸಿಗುವ ಕೆಲಸದ ಅನುಮತಿ) ಮುಗಿದು ಎಚ್–1ಬಿ ಶುರುವಾಯಿತು. ಕನ್ಸಲ್ಟೆನ್ಸಿಯವರು ಗೆಸ್ಟ್‌ಹೌಸಿನಲ್ಲಿ ಇನ್ನೂ ಐದು ಜನರ ಜೊತೆ ಇರಿಸಿದ್ದಾರೆ. ವಾರಕ್ಕೆ ನಾಲ್ಕೈದು ಇಂಟರ್‌ವ್ಯೂ ಕೊಡಿಸುತ್ತಾರೆ, ಪ್ರಾಜೆಕ್ಟ್ ಸಿಕ್ಕಿಲ್ಲ. ಜನವರಿ ಮುಗಿಯುತ್ತ ಬಂತು, ಒಂದು ಡಾಲರ್ ಸಂಬಳ ಇಲ್ಲ. ‘ಪ್ರಾಜೆಕ್ಟ್ ಸಿಕ್ಕ ದಿನದಿಂದ ಪೇರೋಲ್’ ಅನ್ನುತ್ತಾರೆ. ಮೊನ್ನೆ ಎಚ್‌ಆರ್, ‘ಪರ್ಸನಲ್ ಲೀವ್ ಬೇಕು ಅಂತ ಒಂದು ಮೇಲ್ ಹಾಕಿಬಿಡಿ, ಪೇಪರ್ ಸರಿಹೋಗುತ್ತೆ’ ಅಂದರು. ಹಾಕಲೇ? — ಎಡಿಸನ್, ನ್ಯೂಜೆರ್ಸಿ

ಉತ್ತರ: ಹಾಕಬೇಡಿ. ನಿಮ್ಮ ಕೈಯಲ್ಲಿರುವ ಕೇಸನ್ನು ಆ ಒಂದು ಮೇಲ್ ಮುಗಿಸಿಬಿಡುತ್ತದೆ.

ಕಾರಣ ಹೇಳುತ್ತೇವೆ. ಎಚ್–1ಬಿ ಅರ್ಜಿಗೆ ಮೊದಲು ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಎಲ್‌ಸಿಎ ಎಂಬ ಪತ್ರ ಸಲ್ಲಿಸಿರುತ್ತದೆ. ಇಂಥ ಊರಲ್ಲಿ, ಇಂಥ ಕೆಲಸಕ್ಕೆ, ಇಷ್ಟು ಸಂಬಳ ಕೊಡುತ್ತೇವೆ ಎಂದು ಸಹಿ ಹಾಕಿದ ಮಾತು ಅದು. ಕೆಲಸ ಇಲ್ಲದ್ದಕ್ಕೆ ಕಂಪನಿಯೇ ಕಾರಣವಾದರೆ, ಅಂದರೆ ಪ್ರಾಜೆಕ್ಟ್ ಸಿಗದಿದ್ದರೆ, ಕ್ಲೈಂಟ್ ಬೇಡ ಅಂದರೆ, ಲೈಸೆನ್ಸ್ ಬರುವುದು ತಡವಾದರೆ, ಆ ದಿನಗಳಿಗೂ ಎಲ್‌ಸಿಎಯಲ್ಲಿ ಬರೆದ ಪೂರ್ತಿ ಸಂಬಳ ಕೊಡಬೇಕು. ಕೊಡದೆ ಉಳಿಯಲು ಎರಡೇ ದಾರಿ. ಒಂದು, ನೀವೇ ಸ್ವಂತ ಕಾರಣಕ್ಕೆ ರಜೆ ಕೇಳಿರಬೇಕು ಅಥವಾ ಕೆಲಸ ಮಾಡಲಾಗದ ಸ್ಥಿತಿಯಲ್ಲಿ ಇರಬೇಕು (ಹೆರಿಗೆ, ಅಪಘಾತ, ಮನೆಯವರ ಕಾಯಿಲೆ ಇಂಥವು). ಎರಡು, ನಿಮ್ಮನ್ನು ಸರಿಯಾದ ಕ್ರಮದಲ್ಲಿ ಕೆಲಸದಿಂದ ತೆಗೆದಿರಬೇಕು. ಎಚ್‌ಆರ್ ಕೇಳುತ್ತಿರುವ ಮೇಲ್ ಮೊದಲನೇ ದಾರಿಯನ್ನು ಅವರಿಗೆ ತೆರೆದುಕೊಡುತ್ತದೆ.

ಸಂಬಳ ಯಾವತ್ತಿನಿಂದ? ನೀವು ಕೆಲಸಕ್ಕೆ ಹಾಜರಾದ ದಿನದಿಂದ. ಟ್ರೇನಿಂಗಿಗೆ ಕೂತರೂ, ಅವರು ಹೇಳಿದ ಇಂಟರ್‌ವ್ಯೂಗಳಿಗೆ ತಯಾರಾಗುತ್ತ ಅವರ ಕೈಗೆ ಸಿಗುವಂತೆ ಇದ್ದರೂ ಹಾಜರಾದಂತೆಯೇ. ಹಾಜರಾಗಿಲ್ಲ ಎಂದು ಕಂಪನಿ ವಾದಿಸಿದರೂ ಗಡುವು ಇದೆ: ಹೊರಗಿನಿಂದ ಬಂದವರಿಗೆ ಅಮೆರಿಕಕ್ಕೆ ಕಾಲಿಟ್ಟ 30 ದಿನ, ನಿಮ್ಮಂತೆ ಅಲ್ಲೇ ಇದ್ದು ವೀಸಾ ಬದಲಿಸಿಕೊಂಡವರಿಗೆ 60 ದಿನ. ಅಕ್ಟೋಬರ್ 1ರಿಂದ ಎಣಿಸಿದರೆ ನವೆಂಬರ್ 30. ಎಲ್‌ಸಿಎಯಲ್ಲಿ ವರ್ಷಕ್ಕೆ 96,000 ಡಾಲರ್ ಇದೆ ಎಂದಿಟ್ಟುಕೊಳ್ಳಿ, ತಿಂಗಳಿಗೆ 8,000. ಜನವರಿ ಕೊನೆಗೆ, ಅಕ್ಟೋಬರಿನಿಂದ ಲೆಕ್ಕ ಹಿಡಿದರೆ ಬಾಕಿ 32,000 ಡಾಲರ್. ಕಂಪನಿಯ ವಾದವನ್ನೇ ಒಪ್ಪಿದರೂ 16,000ಕ್ಕೆ ಕಡಿಮೆ ಇಲ್ಲ. ಸಂಬಳವನ್ನು ತಿಂಗಳಿಗೊಮ್ಮೆಯಾದರೂ ಕೊಡಬೇಕೆಂಬುದೂ ನಿಯಮ. ‘ಪ್ರಾಜೆಕ್ಟ್ ಸಿಕ್ಕ ಮೇಲೆ ಒಟ್ಟಿಗೆ ಕೊಡುತ್ತೇವೆ’ ಅನ್ನುವಂತಿಲ್ಲ.

ಈಗ ಮಾಡಬೇಕಾದ್ದು. ಫೋನಿನಲ್ಲಿ ಮಾತಾಡುವುದು ನಿಲ್ಲಿಸಿ, ಮೇಲ್‌ಗೆ ಬನ್ನಿ. ನಾಲ್ಕೇ ಸಾಲು ಸಾಕು: ‘ಅಕ್ಟೋಬರ್ 1ರಿಂದ ಕೆಲಸಕ್ಕೆ ಸಿದ್ಧನಿದ್ದೇನೆ. ನೀವು ಹೇಳಿದ ಟ್ರೇನಿಂಗ್, ಇಂಟರ್‌ವ್ಯೂಗಳನ್ನು ಮುಗಿಸಿದ್ದೇನೆ. ನಾನು ರಜೆ ಕೇಳಿಲ್ಲ. ಈವರೆಗಿನ ಸಂಬಳ ಯಾವ ದಿನ ಬರುತ್ತದೆ ತಿಳಿಸಿ.’ ಕೋಪ, ಕಾನೂನಿನ ಕಲಮು, ಬೆದರಿಕೆ ಯಾವುದೂ ಬೇಡ. ‘ರಜೆ ಕೇಳಿಲ್ಲ’ ಅನ್ನುವ ಸಾಲು ಮಾತ್ರ ತಪ್ಪಬಾರದು. ಉತ್ತರ ಬಂದರೂ ಸರಿ, ಬಾರದಿದ್ದರೂ ಸರಿ, ತನಿಖೆಗೆ ಬಂದ ಅಧಿಕಾರಿ ಮೊದಲು ಕೇಳುವ ಕಾಗದ ಇದೇ. ಅದನ್ನೂ, ಇಂಟರ್‌ವ್ಯೂ ಕ್ಯಾಲೆಂಡರ್, ವಾಟ್ಸ್ಯಾಪ್ ಸ್ಕ್ರೀನ್‌ಶಾಟ್, ಆಫರ್ ಲೆಟರ್, ಐ–797ರ (ಅರ್ಜಿ ಮಂಜೂರಾದ ನೋಟಿಸ್) ಪ್ರತಿಗಳನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಕ್ಲೈಂಟಿನ ಕೋಡ್, ಫೈಲು ಇಂಥವನ್ನು ಮುಟ್ಟಬೇಡಿ. ಅದು ಬೇರೆ ತಲೆನೋವು.

ದೂರಿಗೆ ಡಬ್ಲ್ಯೂಎಚ್–4 ಎಂಬ ಫಾರ್ಮ್ ಇದೆ. ಕಾರ್ಮಿಕ ಇಲಾಖೆಯ ವೇಜ್ ಆ್ಯಂಡ್ ಅವರ್ ವಿಭಾಗಕ್ಕೆ ಕೊಡಬೇಕು, ಫೀಸು ಇಲ್ಲ, ವಕೀಲರೂ ಬೇಕಿಲ್ಲ. ಕೆಲಸವಿಲ್ಲದ ದಿನಗಳಿಗೆ ಸಂಬಳ ಕೊಡಲಿಲ್ಲ ಅನ್ನುವುದಕ್ಕೇ ಅದರಲ್ಲಿ ಪ್ರತ್ಯೇಕ ಚೌಕವಿದೆ, ಗುರುತು ಹಾಕಿ. ನಿಮ್ಮ ಹೆಸರು ಗೋಪ್ಯವಾಗಿಡಲು ಕೇಳಬಹುದು. ಆದರೆ ಬೆಂಚಿನಲ್ಲಿ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುತ್ತ ಇರುವವರು ಇಬ್ಬರೇ ಆಗಿದ್ದರೆ ದೂರು ಯಾರದೆಂದು ಕಂಪನಿಗೆ ಗೊತ್ತಾಗಿಯೇ ಆಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹಾಕಿ. ಗಡುವು, ಕೊನೆಯ ಉಲ್ಲಂಘನೆ ನಡೆದ ದಿನದಿಂದ 12 ತಿಂಗಳು. ‘ಇನ್ನೊಂದು ತಿಂಗಳು ನೋಡೋಣ’ ಎನ್ನುತ್ತ ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಇಲ್ಲೇ ಕಳೆದುಕೊಳ್ಳುತ್ತಾರೆ.

ಗೆಸ್ಟ್‌ಹೌಸ್ ಬಾಡಿಗೆಯನ್ನು ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ ಅಂದರೆ ಸುಮ್ಮನೆ ತಲೆ ಆಡಿಸಬೇಡಿ. ನೀವು ಇಷ್ಟಪಟ್ಟು ಬರೆದುಕೊಟ್ಟ ಒಪ್ಪಿಗೆ ಬೇಕು, ಮುರಿಯುವ ಮೊತ್ತ ನ್ಯಾಯವಾಗಿರಬೇಕು. ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡ ಆರು ಜನರ ಹತ್ತಿರ ತಲೆಗೆ ಒಂದೊಂದು ಫ್ಲ್ಯಾಟಿನ ಬಾಡಿಗೆ ವಸೂಲು ಮಾಡುವುದು ನ್ಯಾಯದ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ‘ಪೇಸ್ಟಬ್ (ಸಂಬಳದ ಚೀಟಿ) ಇಲ್ಲದಿದ್ದರೆ ಸ್ಟೇಟಸ್ (ಅಮೆರಿಕದಲ್ಲಿ ಕಾನೂನುಬದ್ಧವಾಗಿ ಇರುವ ಸ್ಥಿತಿ) ಹೋಗುತ್ತೆ, ನೀವೇ ದುಡ್ಡು ಹಾಕಿ ಪೇರೋಲ್ ರನ್ ಮಾಡಿಸಿಕೊಳ್ಳಿ’ ಅಂತ ನಮ್ಮ ಎಂಪ್ಲಾಯರ್. ಗೆಳೆಯರು ಮಾಡಿಸಿಕೊಂಡಿದ್ದಾರೆ. ತಪ್ಪೇ? — ಡಲ್ಲಾಸ್

ಉತ್ತರ: ತಪ್ಪು, ಅದೂ ನಿಮ್ಮ ಮೇಲೇ ತಿರುಗುವ ತಪ್ಪು. 5,000 ಡಾಲರ್ ಸಂಬಳ ತೋರಿಸಬೇಕಾದರೆ ನೀವು ಕೊಡುವುದು 5,000 ಅಲ್ಲ. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ಕಂಪನಿ ಕಟ್ಟಬೇಕಾದ ಶೇ 7.65 ಪಾಲನ್ನೂ ನಿಮ್ಮಿಂದಲೇ ಕಿತ್ತುಕೊಳ್ಳುತ್ತಾರೆ, 382 ಡಾಲರ್ 50 ಸೆಂಟ್. ನಿಮ್ಮ ಪಾಲಿನ ಶೇ 7.65, ಆದಾಯ ತೆರಿಗೆ ಬೇರೆ ಹೋಗುತ್ತದೆ. ಉಳಿದದ್ದು ಸಂಬಳದ ವೇಷದಲ್ಲಿ ನಿಮ್ಮ ಖಾತೆಗೆ ವಾಪಸ್.

ದುಡ್ಡು ಹೋದದ್ದು ಚಿಕ್ಕ ನಷ್ಟ. ಇಲ್ಲದ ಸಂಬಳವನ್ನು ಇದ್ದಂತೆ ತೋರಿಸಿದ ಕಾಗದವನ್ನು ಮುಂದೆ ನೀವೇ ಇಮಿಗ್ರೇಷನ್‌ಗೆ ಕೊಡುತ್ತೀರಿ. ಅದು ಸುಳ್ಳು ಮಾಹಿತಿ ಎಂದು ತೀರ್ಮಾನವಾದರೆ ಅಮೆರಿಕಕ್ಕೆ ಕಾಲಿಡಲು ಜೀವನಪರ್ಯಂತ ತಡೆ ಬೀಳಬಹುದು. ಬೆಂಚಿನಲ್ಲಿ ಸಂಬಳ ಬಾರದಿದ್ದರೆ ನೀವು ವಂಚನೆಗೆ ಒಳಗಾದವರು. ದುಡ್ಡು ಹಾಕಿ ಪೇಸ್ಟಬ್ ಮಾಡಿಸಿಕೊಂಡ ಮೇಲೆ ವಂಚನೆಯಲ್ಲಿ ಪಾಲುದಾರರು. ಈಗಾಗಲೇ ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಅಳಿಸಬೇಡಿ, ಸ್ವಂತ ವಕೀಲರೊಬ್ಬರನ್ನು ಮೊದಲು ಕಾಣಿ. ಕಂಪನಿಯ ವಕೀಲರನ್ನಲ್ಲ, ಅವರಿಗೆ ಫೀಸು ಕೊಡುವವರು ಯಾರು ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಎಚ್–1ಬಿ ‘ಗ್ಯಾರಂಟಿ’ ಅಂತ ಒಬ್ಬ ಏಜೆಂಟ್ 6 ಲಕ್ಷ ಕೇಳುತ್ತಿದ್ದಾನೆ. ಮೂರು ಕಂಪನಿಗಳಿಂದ ರಿಜಿಸ್ಟರ್ ಮಾಡಿಸುತ್ತಾನಂತೆ, ಚಾನ್ಸ್ ಮೂರು ಪಟ್ಟು ಅಂತೆ. ನಿಜವೇ? — ಹುಬ್ಬಳ್ಳಿ

ಉತ್ತರ: ಮೂರು ಪಟ್ಟಿನ ಆಟ 2024ರ ಮಾರ್ಚಿಗೆ ಮುಗಿಯಿತು. ಅಲ್ಲಿವರೆಗೆ ಒಬ್ಬರ ಹೆಸರಲ್ಲಿ ಎಷ್ಟು ಕಂಪನಿ ರಿಜಿಸ್ಟರ್ ಮಾಡಿದರೆ ಅಷ್ಟು ಚೀಟಿ ಬೀಳುತ್ತಿತ್ತು. ಈಗ ಪಾಸ್‌ಪೋರ್ಟ್ ನಂಬರಿನ ಮೇಲೆ ಆಯ್ಕೆ, ಕಂಪನಿ ಹೆಚ್ಚಾದ ಮಾತ್ರಕ್ಕೆ ಚೀಟಿ ಹೆಚ್ಚುವುದಿಲ್ಲ. 2023ರಲ್ಲಿ ಅರ್ಹ ನೋಂದಣಿ 7.5 ಲಕ್ಷ ದಾಟಿತ್ತು, ಮರು ವರ್ಷ 4.7 ಲಕ್ಷಕ್ಕೆ ಇಳಿಯಿತು. ಸೀಟು ಮಾತ್ರ ಅಷ್ಟೇ: ಸಾಮಾನ್ಯ 65,000, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ 20,000.

ದುಡ್ಡಿನ ಮಾತು. ಒಂದು ನೋಂದಣಿಗೆ 215 ಡಾಲರ್. ಅರ್ಜಿಗೆ 780 (ಚಿಕ್ಕ ಕಂಪನಿಗೆ 460). ವಂಚನೆ ತಡೆ ಫೀಸು 500. ತರಬೇತಿ ನಿಧಿಗೆ 25 ಜನರೊಳಗಿನ ಕಂಪನಿಗೆ 750, ಅದಕ್ಕಿಂತ ದೊಡ್ಡದಕ್ಕೆ 1,500. ಜೊತೆಗೆ ವಕೀಲರ ಫೀಸು. ಇವೆಲ್ಲ ಕಂಪನಿಯ ಖರ್ಚು. ತರಬೇತಿ ನಿಧಿಯ ಹಣವನ್ನು ಯಾವ ಹೆಸರಿನಲ್ಲೂ ನಿಮ್ಮಿಂದ ಪಡೆಯುವಂತಿಲ್ಲ, ನೀವಾಗಿ ಕೊಡುತ್ತೇನೆ ಅಂದರೂ ತೆಗೆದುಕೊಳ್ಳುವಂತಿಲ್ಲ. ಕಾನ್ಸುಲೇಟಿನಲ್ಲಿ ಸ್ಟಾಂಪಿಂಗಿಗೆ ಕಟ್ಟುವ 205 ಡಾಲರ್, ಹೆಂಡತಿ–ಮಕ್ಕಳ ಎಚ್–4 ಖರ್ಚು ನಿಮ್ಮದಾಗಬಹುದು. ಅದಕ್ಕೆ 6 ಲಕ್ಷ ಬೇಕಿಲ್ಲ.

ಇನ್ನೊಂದು, 2025ರ ಸೆಪ್ಟೆಂಬರ್ 21ರಿಂದ ಅಮೆರಿಕದ ಹೊರಗಿರುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಅಧ್ಯಕ್ಷರ ಘೋಷಣೆ ಜಾರಿಗೆ ಬಂತು. ಅಷ್ಟು ಹಣ ಸುರಿದು ಹುಬ್ಬಳ್ಳಿಯಿಂದ ಹೊಸಬರನ್ನು ಕರೆಸಿಕೊಳ್ಳುವ ಸಣ್ಣ ಕನ್ಸಲ್ಟೆನ್ಸಿ ಎಲ್ಲಿದೆ ಎಂದು ಏಜೆಂಟನ್ನೇ ಕೇಳಿ ನೋಡಿ.

ಪ್ರಶ್ನೆ: 18 ತಿಂಗಳೊಳಗೆ ಬಿಟ್ಟರೆ 25,000 ಡಾಲರ್ ಕೊಡಬೇಕು ಅಂತ ಸಹಿ ಹಾಕಿದ್ದೇನೆ. ಬೆಂಗಳೂರಿನಲ್ಲಿ ಸಹಿ ಮಾಡಿದ ಎರಡು ಖಾಲಿ ಚೆಕ್ ಕೂಡ ಅವರ ಹತ್ತಿರ ಇವೆ. ಬೇರೆ ಕಡೆ ಆಫರ್ ಬಂದಿದೆ. — ಷಾರ್ಲೆಟ್, ನಾರ್ತ್ ಕ್ಯಾರೊಲಿನಾ

ಉತ್ತರ: ಅಮೆರಿಕದ ಎಚ್–1ಬಿ ನಿಯಮದಲ್ಲಿ ಎರಡು ಬೇರೆ ಮಾತುಗಳಿವೆ, ಇವನ್ನು ಬಿಡಿಸಿ ನೋಡಬೇಕು. ಬೇಗ ಬಿಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ. ಬಿಟ್ಟಿದ್ದರಿಂದ ಕಂಪನಿಗೆ ನಿಜವಾಗಿ ಆಗಬಹುದಾದ ನಷ್ಟವನ್ನು ಮೊದಲೇ ಅಂದಾಜು ಮಾಡಿ ಬರೆದಿದ್ದರೆ, ಅದನ್ನು ಕೇಳಬಹುದು. ನಿಮ್ಮದು ಯಾವುದು ಎಂಬುದನ್ನು ಆ ರಾಜ್ಯದ ಕಾನೂನು ತೀರ್ಮಾನಿಸುತ್ತದೆ. ಒಂದನೇ ತಿಂಗಳಿಗೆ ಬಿಟ್ಟರೂ 25,000, ಹದಿನೇಳನೇ ತಿಂಗಳಿಗೆ ಬಿಟ್ಟರೂ 25,000 ಎಂದಿದ್ದರೆ ಅದು ಅಂದಾಜಿನಂತೆ ಕಾಣುವುದಿಲ್ಲ, ದಂಡದ ವಾಸನೆ ಬಡಿಯುತ್ತದೆ. ಯಾವ ತರಬೇತಿಗೆ ಎಷ್ಟು ಖರ್ಚು ಎಂಬ ಲೆಕ್ಕ ಇದೆಯೇ ನೋಡಿ. ವೀಸಾ ಫೀಸು, ವಕೀಲರ ಫೀಸನ್ನು ಆ ಮೊತ್ತದೊಳಗೆ ತುರುಕಿದ್ದರೆ ಆ ಭಾಗ ನಿಲ್ಲುವುದಿಲ್ಲ. ಕೊನೆಯ ಸಂಬಳದಲ್ಲಿ ಹಿಡಿದುಕೊಂಡರೆ ಅದೂ ಡಬ್ಲ್ಯೂಎಚ್–4ರಲ್ಲಿ ಹಾಕಬಹುದಾದ ದೂರು.

ಭಾರತದ ಕಡೆ ಬಾಂಡ್ ವಿಷಯ ಅಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲಲ್ಲ’ ಅನ್ನುವವರು 2025ರ ಮೇ ತಿಂಗಳ ತೀರ್ಪು ಓದಿಲ್ಲ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲೇ ಬಿಟ್ಟ ಅಧಿಕಾರಿಗೆ ಹಾಕಿದ್ದ 2 ಲಕ್ಷ ರೂಪಾಯಿ ಬಾಂಡನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟ್ ಅದನ್ನು ತಳ್ಳಿಹಾಕಿತ್ತು. ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸುವ ಖರ್ಚು ಅಲ್ಲಿ ಮುಖ್ಯ ಕಾರಣವಾಗಿತ್ತು. ನಿಮ್ಮ ಕನ್ಸಲ್ಟೆನ್ಸಿಗೆ ಅಂಥ ಖರ್ಚು ಏನಿತ್ತು ಎಂಬುದೇ ಪ್ರಶ್ನೆ. ಒಪ್ಪಂದ ಮುರಿದಾಗ ನ್ಯಾಯಸಮ್ಮತ ಪರಿಹಾರಕ್ಕಿಂತ ಹೆಚ್ಚು ಸಿಗದು ಎಂದು 1872ರ ಕರಾರು ಕಾಯ್ದೆಯ 74ನೇ ಕಲಂ ಹೇಳುತ್ತದೆ.

ನಮಗೆ ಬಾಂಡಿಗಿಂತ ಹೆಚ್ಚು ಭಯ ಆ ಚೆಕ್‌ಗಳದು. ಅವನ್ನು ವಾಪಸ್ ಕೊಡುವಂತೆ ಈಗಲೇ ಮೇಲ್ ಬರೆಯಿರಿ, ಯಾವ ಬಾಕಿಗೂ ಕೊಟ್ಟದ್ದಲ್ಲ ಎಂದು ಸ್ಪಷ್ಟ ಮಾಡಿ. ಸ್ಟಾಪ್ ಪೇಮೆಂಟ್ ಮಾಡಿದರೆ ಕೇಸ್ ತಪ್ಪುತ್ತದೆ ಎಂದು ತಿಳಿಯಬೇಡಿ. ಚೆಕ್ ವಾಪಸಾಗಿ ಲಾಯರ್ ನೋಟಿಸ್ ಬಂದರೆ, ಕೈಸೇರಿದ ದಿನದಿಂದ 15 ದಿನ ನಿಮ್ಮದು. ಊರಿನ ವಿಳಾಸಕ್ಕೆ ಬರುವ ರಿಜಿಸ್ಟರ್ಡ್ ಪೋಸ್ಟನ್ನು ಮನೆಯವರು ಬೀರುವಿನಲ್ಲಿಟ್ಟು ಮರೆಯದಂತೆ ಹೇಳಿಡಿ.

ಪ್ರಶ್ನೆ: ದೂರು ಕೊಟ್ಟರೆ ಅವತ್ತೇ ಟರ್ಮಿನೇಟ್ ಮಾಡುತ್ತಾರೆ. ಆಮೇಲೆ ಎಷ್ಟು ದಿನ ಇರಬಹುದು? ಹೇಗೆ ಲೆಕ್ಕ? — ಸ್ಯಾನ್ ಹೊಸೆ

ಉತ್ತರ: ಗರಿಷ್ಠ 60 ದಿನ. 2017ರ ಜನವರಿ 17ರಿಂದ ಈ ಅವಧಿ ಇದೆ. ಐ–94 (ಅಮೆರಿಕದಲ್ಲಿ ಎಲ್ಲಿವರೆಗೆ ಇರಬಹುದೆಂದು ಹೇಳುವ ದಾಖಲೆ) ಅದಕ್ಕಿಂತ ಮೊದಲೇ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ. ಸಾಮಾನ್ಯವಾಗಿ ಸಂಬಳ ಸಂದ ಕೊನೆಯ ದಿನದ ಮರುದಿನದಿಂದ ಎಣಿಕೆ. ಮಾರ್ಚ್ 14 ಕೊನೆಯ ದಿನವಾದರೆ ಮಾರ್ಚ್ 15 ಒಂದನೇ ದಿನ, ಮೇ 13 ಅರವತ್ತನೆಯದು. ಭಾನುವಾರ, ರಜೆ ಎಲ್ಲ ಸೇರಿಯೇ. ಬಿಡುವಾಗ ಕೊಡುವ ಒಟ್ಟು ಮೊತ್ತದ ಸೆವರೆನ್ಸ್ ಇದನ್ನು ಮುಂದಕ್ಕೆ ತಳ್ಳುವುದಿಲ್ಲ.

ಅರವತ್ತು ದಿನ ಪೂರ್ತಿ ಕೈಯಲ್ಲಿದೆ ಎಂದು ಭಾವಿಸುವುದೇ ದೊಡ್ಡ ತಪ್ಪು. ಅರವತ್ತನೇ ದಿನದೊಳಗೆ ಹೊಸ ಕಂಪನಿಯ ಅರ್ಜಿ ಇಮಿಗ್ರೇಷನ್ ಕಚೇರಿಗೆ ತಲುಪಿ ಸ್ವೀಕೃತವಾಗಿರಬೇಕು. ಅದಕ್ಕೆ ಮೊದಲು ಎಲ್‌ಸಿಎ ಆಗಬೇಕು, ಅದಕ್ಕೇ 7 ಕೆಲಸದ ದಿನ. ಹೊಸ ಕಂಪನಿ ಮೊದಲ ಸಲ ಎಲ್‌ಸಿಎ ಹಾಕುತ್ತಿದ್ದರೆ ಅವರ ತೆರಿಗೆ ನಂಬರ್ ಪರಿಶೀಲನೆಗೆ ಇನ್ನೂ ಕೆಲವು ದಿನ. ವಕೀಲರ ಪ್ರಶ್ನಾವಳಿ, ಡಿಗ್ರಿ ಮೌಲ್ಯಮಾಪನ, ಸಹಿ, ಕೊರಿಯರ್ ಸೇರಿಸಿ. ನಲವತ್ತನೇ ದಿನಕ್ಕೆ ಆಫರ್ ಕೈಯಲ್ಲಿರಬೇಕು, ನಲವತ್ತೈದು ಮೀರಿದರೆ ಉಸಿರು ಬಿಗಿಹಿಡಿಯಬೇಕು. ಆಗ ದಾರಿ ಮೂರು. ಸಂಗಾತಿ ಎಚ್–1ಬಿಯಲ್ಲಿದ್ದರೆ ಎಚ್–4ಕ್ಕೆ, ಇಲ್ಲದಿದ್ದರೆ ಪ್ರವಾಸಿಗರ ಬಿ–2ಗೆ, ಐ–539 ಫಾರ್ಮಿನಲ್ಲಿ ಅರವತ್ತರೊಳಗೆ ಅರ್ಜಿ. ಅಥವಾ ಊರಿಗೆ ಬಂದು ಉಳಿದ ಅವಧಿಯನ್ನು ಮುಂದೆ ಬಳಸಿಕೊಳ್ಳುವುದು. ಹೊಸ ಅರ್ಜಿ ಸ್ವೀಕೃತವಾದ ಕೂಡಲೇ ಕೆಲಸಕ್ಕೆ ಸೇರಬಹುದು, ಮಂಜೂರಾತಿಗೆ ಕಾಯಬೇಕಾಗಿಲ್ಲ. ಎಷ್ಟೋ ಕಂಪನಿಗಳು ಕಾಯಿಸುತ್ತವೆ. ಅದು ಅವರ ಪಾಲಿಸಿ, ಕಾನೂನಲ್ಲ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಕೆಲಸ ಹುಡುಕಾಟ, ಆಮೇಲೆ ದೂರು. ಹನ್ನೆರಡು ತಿಂಗಳ ಗಡುವು ಮೀರದಷ್ಟು ಜಾಗ ಇಟ್ಟುಕೊಂಡರೆ ಹೊಸ ಕಂಪನಿಗೆ ಸೇರಿದ ಮೇಲೂ ಹಳೆಯದರ ಮೇಲೆ ದೂರು ಕೊಡಬಹುದು.

ದೂರಿನ ಕಾರಣಕ್ಕೆ ತೆಗೆದರೆ ಅದು ಪ್ರತೀಕಾರ, ಅದೇ ಪ್ರತ್ಯೇಕ ಉಲ್ಲಂಘನೆ. ಸಂಬಳ ಕೊಡದ ಕಾರಣಕ್ಕೆ ನಿಮ್ಮ ಸ್ಟೇಟಸ್‌ನಲ್ಲಿ ಅಂತರ ಬಿದ್ದಿದ್ದರೆ, ದೂರಿನ ಪ್ರತಿಯನ್ನು ಹೊಸ ಅರ್ಜಿಯ ಜೊತೆ ಲಗತ್ತಿಸಿ. ಅಸಾಧಾರಣ ಪರಿಸ್ಥಿತಿ ಎಂದು ಪರಿಗಣಿಸಿ ಮನ್ನಿಸಲು ಅಧಿಕಾರಿಗೆ ಅವಕಾಶವಿದೆ. ಅವಕಾಶ ಇದೆ ಅಷ್ಟೆ, ಹಕ್ಕಲ್ಲ.

ಒಂದು ವಿಚಿತ್ರ ನೋಡಿ. ಬಾಯಲ್ಲಿ ‘ನಾಳೆಯಿಂದ ಬರಬೇಡ’ ಅಂದರೆ ಎಚ್–1ಬಿಯಲ್ಲಿ ಕಂಪನಿಯ ಹೊಣೆ ಮುಗಿಯುವುದಿಲ್ಲ. ನಿಮಗೆ ತಿಳಿಸಬೇಕು, ಇಮಿಗ್ರೇಷನ್‌ಗೆ ತಿಳಿಸಿ ಅರ್ಜಿ ವಾಪಸ್ ಪಡೆಯಬೇಕು, ಊರಿಗೆ ಮರಳುವ ಪ್ರಯಾಣದ ನ್ಯಾಯವಾದ ಖರ್ಚು ಕೊಡಲು ಮುಂದಾಗಬೇಕು. 2006ರಲ್ಲಿ ಆಮ್ಟೆಲ್ ಪ್ರಕರಣದಲ್ಲಿ ಕಾರ್ಮಿಕ ಇಲಾಖೆಯ ಮೇಲ್ಮನವಿ ಮಂಡಳಿ ಈ ಮೂರನ್ನೂ ಎತ್ತಿ ಹೇಳಿತು. ಮಾಡದಿದ್ದರೆ ಸಂಬಳದ ಮೀಟರ್ ಓಡುತ್ತಲೇ ಇರುತ್ತದೆ. ಟಿಕೆಟ್ ಖರ್ಚು ಕೊಡಲಿಲ್ಲ, ವಾಪಸಿನ ಪತ್ರ ಹೋಗಲಿಲ್ಲ ಎಂಬುದು ಎಷ್ಟೋ ಕೇಸುಗಳಲ್ಲಿ ಕಂಪನಿಗೆ ದುಬಾರಿಯಾಗಿದೆ.

ಪ್ರಶ್ನೆ: ‘ಬಿಟ್ಟು ಹೋದರೆ ಐ–140 (ಗ್ರೀನ್‌ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ವಾಪಸ್ ತಗೋತೀವಿ, ಗ್ರೀನ್‌ಕಾರ್ಡ್ ಲೈನಿನ ಕೊನೆಗೆ ಹೋಗ್ತೀಯ’ ಅಂತ ಮ್ಯಾನೇಜರ್. ಏಳು ವರ್ಷದಿಂದ ಇಂಕ್ರಿಮೆಂಟ್ ಕೇಳಲೂ ಹೆದರಿಕೆ. — ಸಿಯಾಟಲ್

ಉತ್ತರ: ಐ–140 ಮಂಜೂರಾಗಿ 180 ದಿನ ದಾಟಿದೆಯೇ? ದಾಟಿದ್ದರೆ ಅವರು ವಾಪಸ್ ಪಡೆದರೂ ಎಚ್–1ಬಿ ಆರು ವರ್ಷದಾಚೆ ವಿಸ್ತರಿಸಲು ಅದು ಊರ್ಜಿತ. ದಾಟಿರದಿದ್ದರೆ ವಿಸ್ತರಣೆಗೆ ಅದು ಬರುವುದಿಲ್ಲ. ಆದರೆ ಎರಡೂ ಸಂದರ್ಭದಲ್ಲಿ ನಿಮ್ಮ ಪ್ರಯಾರಿಟಿ ಡೇಟ್ (ಗ್ರೀನ್‌ಕಾರ್ಡ್ ಸಾಲಿನಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ) ನಿಮ್ಮದೇ. ವಂಚನೆ, ಸುಳ್ಳು, ಇಲಾಖೆಯದೇ ಲೋಪ ಇಂಥ ಕಾರಣಕ್ಕೆ ರದ್ದಾಗದ ಹೊರತು ಹೋಗದು. ಹೊಸ ಕಂಪನಿ ಪರ್ಮ್ (ಐ–140ಕ್ಕೆ ಮೊದಲು ಕಾರ್ಮಿಕ ಇಲಾಖೆಯಿಂದ ಪಡೆಯುವ ಪ್ರಮಾಣಪತ್ರ), ಐ–140 ಮೊದಲಿನಿಂದ ಮಾಡಬೇಕು. ಪರ್ಮ್ ಖರ್ಚು ಪೂರ್ತಿ ಅವರದೇ. ಮಾಡಿದ ಮೇಲೆ ಹಳೆಯ ದಿನಾಂಕವೇ ನಿಲ್ಲುತ್ತದೆ. ಭಾರತೀಯರ ಇಬಿ–2 (ಉನ್ನತ ಪದವಿಯವರ ಗ್ರೀನ್‌ಕಾರ್ಡ್ ವರ್ಗ) ಸಾಲು 2025ರ ಅಕ್ಟೋಬರಿನಲ್ಲೂ 2013ರ ಏಪ್ರಿಲ್‌ನಲ್ಲಿ ನಿಂತಿತ್ತು. ಒಂದು ದೇಶಕ್ಕೆ ಶೇ 7ರ ಮಿತಿ ಇರುವಾಗ ಆ ದಿನಾಂಕದ ಬೆಲೆ ಎಷ್ಟೆಂದು ಮ್ಯಾನೇಜರಿಗೂ ಗೊತ್ತು, ಅದಕ್ಕೇ ಅದನ್ನು ಹಿಡಿದು ಆಡಿಸುವುದು.

ಐ–140ರ ಮಂಜೂರಾತಿ ಪತ್ರವನ್ನು ಕಂಪನಿ ತೋರಿಸದಿದ್ದರೆ ರಸೀದಿ ನಂಬರನ್ನಾದರೂ ಕೇಳಿ ಪಡೆಯಿರಿ. ಅದೂ ಇಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಇಮಿಗ್ರೇಷನ್ ಇಲಾಖೆಗೇ ಆನ್‌ಲೈನ್‌ನಲ್ಲಿ ಹಾಕಿದರೆ ನಿಮ್ಮ ಕಡತದ ಪ್ರತಿ ಕೇಳಬಹುದು. ರಾಜೀನಾಮೆಗೆ ಮೊದಲು ಹಾಕಿ.

ಪ್ರಶ್ನೆ: ಒಂಬತ್ತು ವರ್ಷದ ಅನುಭವ ಇದ್ದರೂ ಲೆವೆಲ್ 1 (ಅತಿ ಕೆಳಗಿನ ಹಂತ) ಸಂಬಳ. ಕೆಲಸ ಮಾಡುವುದು ಬೇ ಏರಿಯಾದಲ್ಲಿ, ಎಲ್‌ಸಿಎ ಇರುವುದು ಅಯೋವಾದ ಒಂದು ಊರಿಗೆ. — ಫ್ರೀಮಾಂಟ್

ಉತ್ತರ: ಎರಡನೆಯದು ನೇರ ಉಲ್ಲಂಘನೆ, ಮೊದಲನೆಯದು ಹಾಗೆ ಒಂದೇ ಮಾತಲ್ಲಿ ಹೇಳುವಂಥದ್ದಲ್ಲ. ಲೆವೆಲ್ ನಿಮ್ಮ ರೆಸ್ಯುಮೆ ನೋಡಿ ಬರುವುದಲ್ಲ, ಆ ಹುದ್ದೆಗೆ ಏನು ಬೇಕು ಎಂಬುದನ್ನು ನೋಡಿ ಬರುತ್ತದೆ. ನಾಲ್ಕು ಲೆವೆಲ್‌ಗಳು ಆ ಊರಿನ ಆ ಕೆಲಸದ ಸಂಬಳದ 17, 34, 50, 67ನೇ ಪರ್ಸೆಂಟೈಲ್. ನೀವು ಟೀಮ್ ನಡೆಸುತ್ತಿದ್ದು, ಎಲ್‌ಸಿಎಯಲ್ಲಿ ಕಲಿಕೆಯ ಹಂತದ ಹುದ್ದೆ ಎಂದಿದ್ದರೆ ಅದು ಸುಳ್ಳು. ಅದೇ ಕೆಲಸಕ್ಕೆ ಅದೇ ಅರ್ಹತೆಯ ಪಕ್ಕದ ಅಮೆರಿಕನ್ನರಿಗೆ ಕಂಪನಿ ಹೆಚ್ಚು ಕೊಡುತ್ತಿದ್ದರೆ ನಿಮಗೂ ಅಷ್ಟೇ ಕೊಡಬೇಕು. ಊರಿನ ಮಾರುಕಟ್ಟೆ ಸಂಬಳ, ಕಂಪನಿ ಅವರಿಗೆ ಕೊಡುವ ಸಂಬಳ, ಎರಡರಲ್ಲಿ ಯಾವುದು ಜಾಸ್ತಿಯೋ ಅದು.

ಊರು ಬದಲಾದರೆ, ಅದೇ ನಗರ ವಲಯದ ಒಳಗಲ್ಲದಿದ್ದರೆ, ಹೊಸ ಎಲ್‌ಸಿಎ ಮತ್ತು ತಿದ್ದುಪಡಿ ಅರ್ಜಿ ಕಡ್ಡಾಯ. ಸಿಮಿಯೊ ಎಂಬ ಕಂಪನಿಯ ಪ್ರಕರಣದಲ್ಲಿ 2015ರ ಏಪ್ರಿಲ್‌ನಲ್ಲಿ ಬಂದ ತೀರ್ಪಿನ ನಂತರ ಇದರಲ್ಲಿ ಅನುಮಾನ ಉಳಿದಿಲ್ಲ. ವರ್ಷದಲ್ಲಿ 30 ದಿನದ (ಕೆಲವೊಮ್ಮೆ 60) ತಾತ್ಕಾಲಿಕ ಓಡಾಟಕ್ಕೆ ಮಾತ್ರ ವಿನಾಯಿತಿ. ಅಯೋವಾದ ಸಂಬಳದಲ್ಲಿ ಫ್ರೀಮಾಂಟಿನ ಬಾಡಿಗೆ ಕಟ್ಟಿಸುವುದು ಈ ಆಟದ ಲಾಭ. ಕ್ಲೈಂಟ್ ಕೊಡುವ ಗಂಟೆಯ ದರದಲ್ಲಿ ಮಧ್ಯವರ್ತಿಗಳಾದ ಪ್ರೈಮ್ ವೆಂಡರ್, ಸಬ್ ವೆಂಡರ್, ಆಮೇಲೆ ನಿಮ್ಮ ಎಂಪ್ಲಾಯರ್ ಒಬ್ಬೊಬ್ಬರು ಒಂದು ತುತ್ತು ತೆಗೆದ ಮೇಲೆ ನಿಮ್ಮ ತಟ್ಟೆಗೆ ಬರುತ್ತದೆ.

ಪರೀಕ್ಷಿಸುವ ಬಗೆ: ಕೆಲಸಕ್ಕೆ ಸೇರುವ ದಿನದೊಳಗೆ ಎಲ್‌ಸಿಎ ಪ್ರತಿ ನಿಮಗೆ ಕೊಟ್ಟಿರಬೇಕು. ಕೊಟ್ಟಿರದಿದ್ದರೆ ಕಂಪನಿಯ ‘ಪಬ್ಲಿಕ್ ಆ್ಯಕ್ಸೆಸ್ ಫೈಲ್’ ಕೇಳಿ. ಯಾರು ಕೇಳಿದರೂ ತೋರಿಸಬೇಕಾದ ಕಡತ ಅದು, ಕಾರಣ ಹೇಳಬೇಕಿಲ್ಲ. ನಂಬರ್ ಐ–200 ಎಂದು ಶುರುವಾಗುತ್ತದೆ. ಅದರಲ್ಲಿ ಹುದ್ದೆಯ ಕೋಡ್ (ಸಾಫ್ಟ್‌ವೇರ್ ಡೆವಲಪರ್‌ಗೆ 15–1252), ಲೆವೆಲ್, ಕೆಲಸದ ವಿಳಾಸ, ಸಂಬಳ ಈ ನಾಲ್ಕನ್ನು ಬರೆದುಕೊಳ್ಳಿ. ಕಾರ್ಮಿಕ ಇಲಾಖೆಯ ಫ್ಲ್ಯಾಗ್ ಜಾಲತಾಣದ ವೇತನ ಹುಡುಕಾಟದಲ್ಲಿ ಅದೇ ಕೋಡ್‌ಗೆ ಫ್ರೀಮಾಂಟ್ ಇರುವ ಅಲಮೇಡಾ ಕೌಂಟಿಯನ್ನು ಆರಿಸಿ. ಎರಡೂ ಸಂಖ್ಯೆಗಳ ಅಂತರ ನಿಮ್ಮ ಬಾಕಿ. ಗಂಟೆಗೆ ಬೇಕಾದರೆ ವಾರ್ಷಿಕ ಮೊತ್ತವನ್ನು 2,080ರಿಂದ ಭಾಗಿಸಿ.

ಪ್ರಶ್ನೆ: ಬೆಂಗಳೂರು ಆಫೀಸಿನಿಂದ ಮೂರು ತಿಂಗಳಿಗೆ ಅಮೆರಿಕಕ್ಕೆ ಕಳಿಸುತ್ತಿದ್ದಾರೆ. ಬಿ–1 ವೀಸಾ, ಸಂಬಳ ರೂಪಾಯಿಯಲ್ಲೇ, ‘ಮೀಟಿಂಗ್‌ಗೆ ಅಂತ ಹೇಳಿ’ ಅಂದಿದ್ದಾರೆ. ನಿಜವಾಗಿ ಕ್ಲೈಂಟ್ ಜಾಗದಲ್ಲಿ ಕೋಡಿಂಗ್. — ಬೆಂಗಳೂರು

ಉತ್ತರ: ಹೋಗಬೇಡಿ, ಅಥವಾ ಬರಹದಲ್ಲಿ ಕೇಳಿ. ಬಿ–1ರಲ್ಲಿ ಮೀಟಿಂಗ್, ಮಾತುಕತೆ, ಸಮ್ಮೇಳನ ಆಗುತ್ತದೆ. ಅಲ್ಲಿಯವರು ಮಾಡಬೇಕಾದ ದಿನನಿತ್ಯದ ಕೆಲಸ ಆಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಸುಳ್ಳು ಹೇಳಿದವರು ನೀವಾಗುತ್ತೀರಿ, ಹೇಳಿಕೊಟ್ಟವರಲ್ಲ. ಬಿ–1 ಬಳಕೆಯ ಬಗ್ಗೆ ನಡೆದ ತನಿಖೆಯಲ್ಲಿ 2013ರ ಅಕ್ಟೋಬರಿನಲ್ಲಿ ಇನ್ಫೊಸಿಸ್ 3.4 ಕೋಟಿ ಡಾಲರ್ ಕೊಟ್ಟು ಅಮೆರಿಕ ಸರ್ಕಾರದ ಜೊತೆ ರಾಜಿ ಮಾಡಿಕೊಂಡಿತು. ವೀಸಾ ವಂಚನೆಯ ಆರೋಪವನ್ನು ಕಂಪನಿ ನಿರಾಕರಿಸಿತ್ತು.

ರೂಪಾಯಿ ಸಂಬಳಕ್ಕೆ ಬೆಂಗಳೂರಿನವರದೇ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಎಲೆಕ್ಟ್ರಾನಿಕ್ಸ್ ಫಾರ್ ಇಮೇಜಿಂಗ್ ಕಂಪನಿ ಫ್ರೀಮಾಂಟಿನ ಕಚೇರಿಯಲ್ಲಿ ಕಂಪ್ಯೂಟರ್ ವ್ಯವಸ್ಥೆ ಜೋಡಿಸಲು ಬೆಂಗಳೂರಿನಿಂದ ಎಂಟು ಜನರನ್ನು ಕರೆಸಿಕೊಂಡಿತ್ತು. ಬೆಂಗಳೂರಿನ ಸಂಬಳವನ್ನೇ ರೂಪಾಯಿಯಲ್ಲಿ ಕೊಟ್ಟಿತು. ವಾರಕ್ಕೆ 122 ಗಂಟೆವರೆಗೂ ದುಡಿದಿದ್ದರು. ಭಾಗಿಸಿದಾಗ ಗಂಟೆಗೆ 1 ಡಾಲರ್ 21 ಸೆಂಟ್. 2014ರಲ್ಲಿ ಕಾರ್ಮಿಕ ಇಲಾಖೆ 40,000 ಡಾಲರಿಗೂ ಹೆಚ್ಚು ಬಾಕಿ ಕೊಡಿಸಿತು. ದಂಡ ಮಾತ್ರ ಸುಮಾರು 3,500. ದಂಡ ಅಷ್ಟು ಅಗ್ಗವಾದರೆ ಇನ್ನೊಬ್ಬರಿಗೆ ಹೆದರಿಕೆ ಯಾಕೆ ಹುಟ್ಟೀತು ಎಂಬುದು ಬೇರೆ ಮಾತು. ಅಮೆರಿಕದ ನೆಲದಲ್ಲಿ ದುಡಿದ ಗಂಟೆಗೆ ಅಲ್ಲಿಯ ಕನಿಷ್ಠ ಕೂಲಿ, ಓವರ್‌ಟೈಮ್ ಕಾನೂನು ಅನ್ವಯ. ಬೆಂಗಳೂರಿನ ಪೇಸ್ಲಿಪ್ ಅದನ್ನು ತಪ್ಪಿಸುವುದಿಲ್ಲ.

ಎಲ್–1ರಲ್ಲಿ (ಒಂದೇ ಕಂಪನಿಯ ಕಚೇರಿಗಳ ನಡುವೆ ವರ್ಗವಾಗುವವರ ವೀಸಾ) ಕಳಿಸುತ್ತೇವೆ ಅಂದರೆ ಒಂದು ಎಚ್ಚರ: ಅದಕ್ಕೆ ಎಲ್‌ಸಿಎ ಇಲ್ಲ, ಊರಿನ ಮಾರುಕಟ್ಟೆ ಸಂಬಳ ಕೊಡಬೇಕೆಂಬ ನಿಯಮವಿಲ್ಲ, ಬೇರೆ ಕಂಪನಿಗೆ ವರ್ಗವೂ ಇಲ್ಲ. ಆಫರ್ ಲೆಟರಿನಲ್ಲಿ ಡಾಲರ್ ಮೊತ್ತ ಇಲ್ಲದೆ ವಿಮಾನ ಹತ್ತಬೇಡಿ.

ಪ್ರಶ್ನೆ: ಮಗಳ ಪಾಸ್‌ಪೋರ್ಟ್, ಡಿಗ್ರಿ ಸರ್ಟಿಫಿಕೇಟನ್ನು ‘ಫೈಲಿಂಗ್‌ಗೆ ಬೇಕು’ ಅಂತ ಕಂಪನಿಯವರು ಇಟ್ಟುಕೊಂಡಿದ್ದಾರಂತೆ. — ಶಿವಮೊಗ್ಗದ ಒಬ್ಬ ತಂದೆ

ಉತ್ತರ: ಫೈಲಿಂಗ್‌ಗೆ ಬೇಕಾದ್ದು ಪ್ರತಿ, ಮೂಲವಲ್ಲ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, 1967ರ ಕಾಯ್ದೆಯೇ ಹಾಗೆ ಹೇಳುತ್ತದೆ. ಕಂಪನಿಗೆ ಅದನ್ನು ಅಡವಿಟ್ಟುಕೊಳ್ಳುವ ಹಕ್ಕಿಲ್ಲ. ಬಲವಂತದ ದುಡಿಮೆಗಾಗಿ ದಾಖಲೆ ಕಸಿದುಕೊಂಡರೆ ಅಮೆರಿಕದಲ್ಲಿ ಜೈಲುಶಿಕ್ಷೆಯ ಅಪರಾಧ. ದಿನಾಂಕ ಹಾಕಿ ವಾಪಸ್ ಕೇಳುವ ಮೇಲ್ ಬರೆಯಲು ಹೇಳಿ. ಒಂದು ವಾರದಲ್ಲಿ ಬಾರದಿದ್ದರೆ ಹತ್ತಿರದ ಭಾರತೀಯ ಕಾನ್ಸುಲೇಟಿಗೆ ತಿಳಿಸಿ, ಸ್ಥಳೀಯ ಪೊಲೀಸರಿಗೂ ದೂರು ಕೊಡಲಿ.

ಪ್ರಶ್ನೆ: ಬ್ರಿಟನ್‌ಗೆ ನರ್ಸ್ ಆಗಿ ಹೋಗುವವಳಿದ್ದೇನೆ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿಗೆ ಅಂತ ಏಜೆನ್ಸಿ 12 ಲಕ್ಷ ಕೇಳುತ್ತಿದೆ. — ಉಡುಪಿ

ಉತ್ತರ: ಅಮೆರಿಕದ ನಿಯಮ ಇಲ್ಲಿ ಬರುವುದಿಲ್ಲ, ಆದರೆ ಮೋಸದ ರೂಪ ಅದೇ. ಆ ಸರ್ಟಿಫಿಕೇಟ್ ಮಾರುವ ವಸ್ತುವಲ್ಲ. 2025ರ ಏಪ್ರಿಲ್‌ನಲ್ಲಿ ಅದರ ಸರ್ಕಾರಿ ಶುಲ್ಕ 525 ಪೌಂಡ್ ಆಯಿತು, ಅದನ್ನೂ 2024ರ ಡಿಸೆಂಬರ್ 31ರಿಂದ ಸ್ಪಾನ್ಸರ್ ನಿಮ್ಮಿಂದ ವಸೂಲು ಮಾಡುವಂತಿಲ್ಲ. ಆಸ್ಪತ್ರೆ ಅಥವಾ ಕೇರ್‌ಹೋಮ್ ಹೆಸರು ಬ್ರಿಟನ್ ಸರ್ಕಾರದ ಸ್ಪಾನ್ಸರ್‌ಗಳ ಪಟ್ಟಿಯಲ್ಲಿ ಇದೆಯೇ ನೋಡಿ. ಪಟ್ಟಿ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ಟಿಫಿಕೇಟಿನಲ್ಲಿ ಹುದ್ದೆ ನರ್ಸ್ ಎಂದಿರಲಿ. ಕೇರ್ ವರ್ಕರ್ ಎಂದಿದ್ದರೆ, ವಿದೇಶದಿಂದ ಹೊಸದಾಗಿ ಆ ಹುದ್ದೆಗೆ ಹೋಗುವ ದಾರಿಯನ್ನು 2025ರ ಜುಲೈ 22ಕ್ಕೆ ಮುಚ್ಚಿದ್ದಾರೆ.

ಭಾರತದಲ್ಲಿ ನೇಮಕಾತಿ ಏಜೆಂಟ್ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿತನಾಗಿರಬೇಕು, ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಬಾರದು. ಇ–ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. 12 ಲಕ್ಷಕ್ಕೆ ರಸೀದಿ ಕೊಡುತ್ತೀರಾ ಎಂದು ಒಮ್ಮೆ ಕೇಳಿ. ಕೊಡುವುದಿಲ್ಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.